ಕಾವು ಕೊಟ್ಟ ಮೇಲೆ

ಪೇಟೆಯಲ್ಲಿ ಬೆಳೆಯುವ ಮಕ್ಕಳು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: ಅಂಗಡಿಯಿಂದ ತಂದ ಮೊಟ್ಟೆಯನ್ನು ಬೆಚ್ಚಗೆ ಇಟ್ಟರೆ ಮರಿ ಬರುತ್ತಾ? ಬರುವುದಿಲ್ಲ ಅಂತ ಹೇಳಿ ಮುಗಿಸಬಹುದು. ಫಾರಂ ಕೋಳಿ ಹುಂಜದ ಮುಖವನ್ನೇ ಕಂಡಿರುವುದಿಲ್ಲ, ಅದರ ಮೊಟ್ಟೆಯಲ್ಲಿ ಜೀವದ ಬೀಜವೇ ಇರುವುದಿಲ್ಲ. ಆದರೆ ಮಕ್ಕಳು ಅಲ್ಲಿಗೇ ಬಿಡುವುದಿಲ್ಲ. ಹಾಗಾದರೆ ಬೀಜ ಇರುವ ಮೊಟ್ಟೆಯನ್ನು ತಿಂದರೆ ಮರಿಯನ್ನು ತಿಂದ ಹಾಗಾ? ಇದನ್ನು ಕೇಳಿದ ನನ್ನ ಮಗಳಿಗೆ ಆಗ ಹತ್ತು ವರ್ಷ. ಹುಟ್ಟಿದ್ದು, ಓದುತ್ತಿರುವುದು ಎರಡೂ ಹೈದರಾಬಾದಿನಲ್ಲೇ. ಕನ್ನಡ ಮಾತಾಡುತ್ತಾಳೆ, ಓದಲು ಇನ್ನೂ ತಡವರಿಸುತ್ತಾಳೆ.

ಈ ಎರಡನೆಯ ಪ್ರಶ್ನೆಗೆ ಉತ್ತರ ಕಷ್ಟ. ಹುಂಜದ ಜೊತೆ ಇರುವ ನಾಟಿ ಹೇಂಟೆ ಮೊಟ್ಟೆಯಿಟ್ಟಾಗ ಅದರೊಳಗೆ ಸಾವಿರಾರು ಜೀವಕೋಶಗಳು ಆಗಲೇ ಆಗಿರುತ್ತವೆ. ತಾಯಿಯ ಮೈಯ ಬಿಸಿಯಲ್ಲಿ ಶುರುವಾದ ಕೆಲಸ, ಮೊಟ್ಟೆ ಹೊರಬಿದ್ದು ತಣ್ಣಗಾದ ಕೂಡಲೇ ನಿಂತುಬಿಡುತ್ತದೆ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಬೆಳೆಯುವುದೂ ಇಲ್ಲ, ಕೂಡಲೇ ಸಾಯುವುದೂ ಇಲ್ಲ. ತಂಪಾದ ಜಾಗದಲ್ಲಿ ವಾರ, ಹತ್ತು ದಿನ ಸುಮ್ಮನೆ ಬಿದ್ದಿರುತ್ತದೆ. ಹೇಂಟೆ ದಿನಕ್ಕೊಂದರಂತೆ ಇಟ್ಟ ಮೊಟ್ಟೆಗಳೆಲ್ಲ ಒಂದೇ ದಿನ ಒಡೆದು ಮರಿಯಾಗುವುದು ಇದೇ ಕಾರಣಕ್ಕೆ. ಮೊದಲನೆಯದು ಕೊನೆಯದಕ್ಕಾಗಿ ಕಾದಿರುತ್ತದೆ. ಆ ಹತ್ತು ದಿನ ಅದು ಆಹಾರವೋ ಜೀವವೋ? ಎರಡೂ ಹೌದು ಅಂತ ನಾನು ಮಗಳಿಗೆ ಹೇಳಿದೆ. ಯಾವುದು ಅಂತ ತೀರ್ಮಾನ ಮಾಡುವುದು ಮೊಟ್ಟೆಯಲ್ಲ, ಅದಕ್ಕೆ ಕಾವು ಕೊಡುವವರು. ಹಾಗಾಗಿ ಪಾಪವೋ ಪುಣ್ಯವೋ, ಅದು ಶುರುವಾಗುವುದು ಮೊಟ್ಟೆ ತಿನ್ನುವಲ್ಲಿ ಅಲ್ಲ, ಕಾವಿಗೆ ಇಡುವಲ್ಲಿ ಅಂತ ನನಗೆ ಅನ್ನಿಸುತ್ತದೆ.

ನಾವಿರುವುದು ಉಪ್ಪಲ್ ಕಡೆ, ಬಾಡಿಗೆ ಮನೆಯ ಕೆಳಗಿನ ಭಾಗ. ಪಕ್ಕದಲ್ಲಿ ಆರು ಅಡಿ ಅಗಲದ ಹಿತ್ತಲು ಅನ್ನಬಹುದಾದ ಸಂದಿ. ಮಗಳ ಕಾಟ ತಡೆಯಲಾರದೆ 2022ರ ಡಿಸೆಂಬರ್ ಕೊನೆಯಲ್ಲಿ ಶಮ್ಶಾಬಾದ್ ಕಡೆಯ ಒಬ್ಬ ರೈತನ ಹತ್ತಿರ ಹನ್ನೆರಡು ನಾಟಿ ಮೊಟ್ಟೆ ತಂದೆವು. ಕೋಳಿ ವಿಷಯದಲ್ಲಿ ಹೈದರಾಬಾದು ಸಣ್ಣ ಊರಲ್ಲ. ಹಳ್ಳಿಗಳ ಹಿತ್ತಲಿಗೆಂದೇ ಬೆಳೆಸಿದ ವನರಾಜ, ಗ್ರಾಮಪ್ರಿಯ ತಳಿಗಳು ಇಲ್ಲಿನ ರಾಜೇಂದ್ರನಗರದ ಕೋಳಿ ಸಂಶೋಧನಾ ಸಂಸ್ಥೆಯಿಂದಲೇ ಬಂದವು, ನಮ್ಮ ಗಿರಿರಾಜ ಬೆಂಗಳೂರಿನ ಹೆಬ್ಬಾಳದಿಂದ ಬಂದ ಹಾಗೆ. ರೈತ ಮೊಟ್ಟೆ ಕೊಡುತ್ತಾ ‘ಪುಂಜು’ ‘ಕೋಡಿಪಿಲ್ಲ’ ಅನ್ನುತ್ತಿದ್ದ. ನಮ್ಮೂರಿನ ಹುಂಜ, ಪಿಳ್ಳೆಗಳೇ ವೇಷ ಬದಲಿಸಿ ಎದುರು ನಿಂತ ಹಾಗಿತ್ತು. ಹದಿನಾಲ್ಕು ವರ್ಷ ಇಲ್ಲಿದ್ದೂ ತೆಲುಗನ್ನು ಪರಭಾಷೆ ಅಂದುಕೊಂಡಿದ್ದವಳಿಗೆ ಅವತ್ತು ಸ್ವಲ್ಪ ನಾಚಿಕೆಯೇ ಆಯಿತು.

ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, ಸಣ್ಣ ಫ್ಯಾನು, ಬಿಸಿ ಹೆಚ್ಚಾದರೆ ತಾನೇ ಆರಿಸುವ ಥರ್ಮೋಸ್ಟಾಟು, ಒಂದು ಬಟ್ಟಲು ನೀರು. ಯಂತ್ರ ಅಂದರೆ ಇಷ್ಟೇ. ಮೊಟ್ಟೆಗೆ ಬೇಕಾದ್ದು 37.5 ಡಿಗ್ರಿಯ ಆಸುಪಾಸು, ಇಪ್ಪತ್ತೊಂದು ದಿನ. ಒಂದೆರಡು ಡಿಗ್ರಿ ಹೆಚ್ಚಾಗಿ ಹಾಗೇ ನಿಂತರೆ ಕಡಿಮೆಯಾದುದಕ್ಕಿಂತ ಅಪಾಯ. ಹೇಂಟೆಯೂ ದಿನಕ್ಕೊಮ್ಮೆ ಎದ್ದು ಮೇವು ನೀರು ನೋಡಿಕೊಂಡು ಬರುತ್ತದಲ್ಲ, ಆ ಹತ್ತಿಪ್ಪತ್ತು ನಿಮಿಷದ ತಂಪಿಗೆ ಏನೂ ಆಗುವುದಿಲ್ಲ. ಹೈದರಾಬಾದಿನ ಏಪ್ರಿಲ್ ಮೇನಲ್ಲಿ ಕೋಣೆಯೇ ನಲವತ್ತು ಮುಟ್ಟುವಾಗ ಮಾತ್ರ ಇಂಥ ಪೆಟ್ಟಿಗೆ ಕೈಕಟ್ಟಿ ಕೂರುತ್ತದೆ. ಅದಕ್ಕೆ ಬಿಸಿ ಮಾಡಲು ಗೊತ್ತು, ತಣ್ಣಗೆ ಮಾಡಲು ಗೊತ್ತಿಲ್ಲ. ಈಜಿಪ್ಟಿನಲ್ಲಿ ಸಾವಿರಾರು ವರ್ಷಗಳಿಂದ ಮಣ್ಣಿನ ಇಟ್ಟಿಗೆಯ ಗೂಡುಗಳಲ್ಲಿ ಬೆಂಕಿಯ ಶಾಖದಿಂದ ಸಾವಿರಗಟ್ಟಲೆ ಮೊಟ್ಟೆ ಮರಿ ಮಾಡುತ್ತಿದ್ದರು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಕೆಲಸದವರು ಮೊಟ್ಟೆಯನ್ನು ತಮ್ಮ ಕಣ್ಣರೆಪ್ಪೆಗೆ ಒತ್ತಿಕೊಂಡು ಬಿಸಿ ಸರಿಯಿದೆಯೋ ಇಲ್ಲವೋ ತಿಳಿಯುತ್ತಿದ್ದರಂತೆ. ಯಂತ್ರದಿಂದ ಮರಿ ಮಾಡುವುದು ಇವತ್ತಿನ ಅಹಂಕಾರ ಅಂತ ಬೈಯುವವರಿಗೆ ನಾನು ಇದನ್ನು ಹೇಳುತ್ತೇನೆ.

ಆದರೂ ಒಂದು ವ್ಯತ್ಯಾಸವಿದೆ. ಕಾವಿಗೆ ಕೂತ ಹೇಂಟೆಯನ್ನು ನೋಡಿದವರಿಗೆ ಅದು ಗೊತ್ತು. ಎದೆಯ ಪುಕ್ಕ ಉದುರಿ ಬರಿ ಚರ್ಮ ಮೊಟ್ಟೆಗೆ ತಾಗುತ್ತದೆ, ಜುಟ್ಟಿನ ಕೆಂಪು ಬಾಡುತ್ತದೆ, ಮೈ ಇಳಿದುಹೋಗುತ್ತದೆ. ಆ ಮೂರು ವಾರ, ಮತ್ತೆ ಮರಿ ಸಾಕುವ ವಾರಗಳಷ್ಟೂ ಅದು ಮೊಟ್ಟೆ ಇಡುವುದಿಲ್ಲ. ಲೆಕ್ಕದವರ ಕಣ್ಣಿಗೆ ಇದು ನಷ್ಟ. ಅದಕ್ಕೇ ಲೆಗ್‌ಹಾರ್ನಿನಂಥ ಮೊಟ್ಟೆ ತಳಿಗಳಲ್ಲಿ ಕಾವಿಗೆ ಕೂರುವ ಬುದ್ಧಿಯನ್ನೇ ತಲೆಮಾರುಗಳ ಆಯ್ಕೆಯಿಂದ ಬಹುಮಟ್ಟಿಗೆ ತೆಗೆದುಹಾಕಿದ್ದಾರೆ. ತಾಯ್ತನ ಯಂತ್ರಕ್ಕೆ, ಹೆರುವುದು ಮಾತ್ರ ಕೋಳಿಗೆ. ನನ್ನ ಪೆಟ್ಟಿಗೆಗೆ ಖರ್ಚಾದದ್ದು ಕರೆಂಟು ಬಿಲ್ಲು ಮಾತ್ರ. ಏನೂ ಕಳೆದುಕೊಳ್ಳದೆ ಹುಟ್ಟಿಸಿದ ಜೀವದ ಮೇಲೆ ನನಗಿರುವ ಹಕ್ಕು ಯಾವುದು, ಋಣ ಎಷ್ಟು?

ಮಹಡಿಯ ಮೇಲಿನ ಮನೆಯೊಡತಿ ಮಡಿವಂತ ಸಸ್ಯಾಹಾರಿ. ನಾವು ಮೊಟ್ಟೆ ತಿನ್ನುವುದು ಅವರಿಗೆ ಇಷ್ಟವಿರಲಿಲ್ಲ. ಮರಿ ಮಾಡಿಸುತ್ತಿದ್ದೇವೆ ಅಂದಾಗ ಮಾತ್ರ ಕಣ್ಣರಳಿಸಿ ‘ಪುಣ್ಯಂ’ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ತಿಂದ ಮೊಟ್ಟೆಗೆ ನೋವಿಲ್ಲ, ಹಸಿವಿಲ್ಲ, ಬೆಕ್ಕಿನ ಭಯವಿಲ್ಲ. ಮರಿಯಾಗಿ ಹುಟ್ಟಿದ್ದಕ್ಕೆ ಇವೆಲ್ಲ ಇವೆ. ಹುಟ್ಟಿಸುವುದೇ ಒಳ್ಳೆಯದು ಅಂತ ಯಾಕೆ ಒಪ್ಪಬೇಕು? ಹುಟ್ಟಿದ್ದಕ್ಕೆ ಜಾಗ ಇದೆಯೇ, ಮೇವು ಇದೆಯೇ, ನಾಲ್ಕು ತಿಂಗಳ ಮೇಲೆ ಏನು ಗತಿ ಅಂತ ಯೋಚಿಸದವರ ಪುಣ್ಯದಲ್ಲಿ ನನಗೆ ನಂಬಿಕೆಯಿಲ್ಲ. ದೊಡ್ಡ ಹ್ಯಾಚರಿಗಳನ್ನೇ ನೋಡಿ. ಮೊಟ್ಟೆ ತಳಿಯಲ್ಲಿ ಹುಟ್ಟುವ ಅರ್ಧ ಮರಿಗಳು ಗಂಡು. ಅವು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಬೇಗ ಬೆಳೆಯುವುದಿಲ್ಲ. ಹುಟ್ಟಿದ ದಿನವೇ ಕೊಲ್ಲುವುದು ಈ ಉದ್ಯಮದ ಹಳೆಯ ರೂಢಿ. ಜರ್ಮನಿ 2022ರ ಜನವರಿಯಿಂದ ಇದನ್ನು ಕಾನೂನಿನಿಂದ ನಿಲ್ಲಿಸಿದೆ. ಮೊಟ್ಟೆಯಲ್ಲಿರುವಾಗಲೇ ಗಂಡೋ ಹೆಣ್ಣೋ ಪತ್ತೆ ಮಾಡುವ ವಿಧಾನ ಬಂದಿದೆ. ಆದರೆ ನಮ್ಮ ಥರ್ಮೋಕೋಲ್ ಪೆಟ್ಟಿಗೆಗೆ ಅಂಥ ಜ್ಞಾನ ಇಲ್ಲ. ಹನ್ನೆರಡರಲ್ಲಿ ಅರ್ಧ ಹುಂಜವಾಗುತ್ತದೆ ಅಂತ ಸ್ವಿಚ್ ಹಾಕುವ ಮೊದಲೇ ಗೊತ್ತಿತ್ತು. ಹೆಚ್ಚಾದ ಹುಂಜಗಳು ಒಂದು ದಿನ ಯಾರದೋ ಸಾರಿನ ಪಾತ್ರೆ ಸೇರುತ್ತವೆ ಅಂತ ಮಗಳಿಗೆ ಅವತ್ತೇ ಹೇಳಿದೆ. ಅವಳು ಒಂದು ಸಂಜೆ ಮುನಿಸಿಕೊಂಡು ಕೂತಳು. ಬೆಳಿಗ್ಗೆ ಬಂದು, ‘ಅಲ್ಲೀವರೆಗೂ ಚೆನ್ನಾಗಿ ನೋಡ್ಕೋಬಹುದಲ್ವಾ?’ ಅಂದಳು. ಇದಕ್ಕಿಂತ ದೊಡ್ಡ ಉತ್ತರ ನನ್ನ ಹತ್ತಿರವೂ ಇರಲಿಲ್ಲ, ಹೂಂ ಅಂದೆ.

ಮೊಟ್ಟೆಯನ್ನು ಬಿಸಿಯಲ್ಲಿಟ್ಟರೆ ಸಾಲದು, ಹೊರಳಿಸಬೇಕು. ಹೇಂಟೆ ಹಗಲೂ ರಾತ್ರಿ ಕೊಕ್ಕಿನಿಂದ ಸರಿಸುತ್ತಲೇ ಇರುತ್ತದೆ. ಹೊರಳಿಸದಿದ್ದರೆ ಒಳಗಿನ ಪಿಂಡ ಚಿಪ್ಪಿನ ಪೊರೆಗೆ ಅಂಟಿಕೊಂಡು ಸಾಯುತ್ತದೆ. ನಾವು ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲಿನಲ್ಲಿ ಸೊನ್ನೆ, ಇನ್ನೊಂದಕ್ಕೆ ಅಡ್ಡಗೀಟು ಬರೆದು ದಿನಕ್ಕೆ ಐದು ಸಲ ಹೊರಳಿಸುತ್ತಿದ್ದೆವು. ಬೆಸ ಸಂಖ್ಯೆಯಾದರೆ ರಾತ್ರಿಯ ಉದ್ದನೆಯ ಹೊತ್ತು ಒಂದೇ ಮಗ್ಗುಲಿಗೆ ಬೀಳುವುದಿಲ್ಲ. ಕೊನೆಯ ಪಾಳಿ ರಾತ್ರಿ ಹತ್ತೂವರೆಗೆ, ಫೋನಿನಲ್ಲಿ ಅಲಾರಂ ಇಟ್ಟಿದ್ದೆ.

ಆ ಚಳಿಗಾಲದಲ್ಲಿ ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದರು. ಸೊಂಟದ ಮೂಳೆ ಮುರಿದು, ತಾವಾಗಿ ಹೊರಳಲೂ ಆಗುತ್ತಿರಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿದರೆ ಬೆನ್ನು ಹುಣ್ಣಾಗುತ್ತದೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಅಂತ ಡಾಕ್ಟರು ಹೇಳಿದ್ದರು. ಅದನ್ನು ಮಾಡುತ್ತಿದ್ದುದು ಅರವತ್ತೆಂಟು ವರ್ಷದ ನಮ್ಮವ್ವ. ನಾನು ರಾತ್ರಿ ಫೋನು ಮಾಡಿದಾಗ ಅಲಾರಂ ಹೊಡೆದುಕೊಂಡಿತು. ಏನದು ಅಂದರು. ಹೇಳಿದೆ. ಅವ್ವ ಗಟ್ಟಿಯಾಗಿ ನಕ್ಕುಬಿಟ್ಟರು. ‘ಸರಿ ಹೋಯ್ತು ಕಣವ್ವ. ನೀನಲ್ಲಿ ಮೊಟ್ಟೆ ಮಗ್ಗುಲು ಬದಲಾಯ್ಸು, ನಾನಿಲ್ಲಿ ನಮ್ಮವ್ವನ ಮಗ್ಗುಲು ಬದಲಾಯಿಸ್ತೀನಿ.’

ಅವರು ಚುಚ್ಚಲು ಹೇಳಿದ ಮಾತಲ್ಲ. ಆ ವಯಸ್ಸಿನಲ್ಲಿ ಆ ಕೆಲಸ ಮಾಡುತ್ತಾ ಬೇರೆಯವರನ್ನು ಚುಚ್ಚಲು ಪುರಸೊತ್ತಾದರೂ ಎಲ್ಲಿರುತ್ತದೆ? ಆದರೆ ದೂರದೂರಲ್ಲಿ ಬದುಕುವ ನಮ್ಮಂಥವರಿಗೆ ಇಂಥ ಮಾತು ಸುಲಭಕ್ಕೆ ಕಿವಿಯಿಂದ ಇಳಿಯುವುದಿಲ್ಲ. ನನ್ನ ಏಳು ನೂರು ಕಿಲೋಮೀಟರಿನ ಕೈ ಅಜ್ಜಿಯ ಬೆನ್ನಿಗೆ ತಲುಪುವುದಿಲ್ಲ, ಅರ್ಧ ಅಡಿ ದೂರದ ಮೊಟ್ಟೆಗೆ ತಲುಪುತ್ತದೆ. ಹತ್ತಿರ ಇರುವುದಕ್ಕೆ ಮಾಡುವ ಸೇವೆ ಹತ್ತಿರ ಇದೆ ಅನ್ನುವ ಕಾರಣಕ್ಕೇ ಆದದ್ದಾದರೆ, ಕರ್ತವ್ಯ ಅನ್ನುವುದು ಬರೀ ಭೂಗೋಳವೇ? ನಾನು ತಿಂಗಳು ತಿಂಗಳು ಕಳಿಸುವ ದುಡ್ಡಿನಿಂದ ಗಾಳಿ ತುಂಬುವ ಹಾಸಿಗೆ ಬಂದಿತ್ತು, ಅದರಿಂದ ಅಜ್ಜಿಗೆ ನಿಜವಾಗಿಯೂ ಉಪಕಾರವಾಗಿತ್ತು. ಪೆಟ್ಟಿಗೆಯ ಬಲ್ಬಿನ ಕಾವು ಕೂಡ ತಂತಿಯಲ್ಲಿ ದೂರದಿಂದಲೇ ಬರುತ್ತದೆ. ಮೊಟ್ಟೆ ಅದನ್ನು ಕೃತಕ ಅಂತ ಬೇಡ ಅನ್ನುವುದಿಲ್ಲ. ದೂರದಿಂದ ಕಳಿಸಿದ ಬಿಸಿಯೆಲ್ಲ ಸುಳ್ಳು, ದುಡ್ಡು ಕಳಿಸಿ ಕೈತೊಳೆದುಕೊಳ್ಳುತ್ತಾರೆ ಅಂತ ಹಬ್ಬಕ್ಕೆ ಹೋದಾಗ ನೆಂಟರು ಆಡುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಪೂರ್ತಿ ತಳ್ಳಿಹಾಕಲೂ ಆಗುವುದಿಲ್ಲ. ಯಾಕೆಂದರೆ ಕಾವು ಸಾಕಾಗುವುದು ಇಪ್ಪತ್ತೊಂದು ದಿನದವರೆಗೆ ಮಾತ್ರ. ಚಿಪ್ಪು ಒಡೆದು ಬಂದ ಮರಿಗೆ ಬಿಸಿ ಬೇಕು, ಜೊತೆಗೆ ಯಾರಾದರೂ ಬೇಕು. ಮೊದಲ ದಿನಗಳಲ್ಲಿ ಕಣ್ಣೆದುರು ಓಡಾಡಿದ್ದನ್ನೇ ತಾಯಿ ಅಂತ ಹಿಂಬಾಲಿಸುವ ಈ ಗುಣವನ್ನು ಕೊನ್ರಾಡ್ ಲೊರೆಂಜ್ ಕಾಡು ಹೆಬ್ಬಾತುಗಳ ಮರಿಗಳಲ್ಲಿ ವಿವರವಾಗಿ ಅಧ್ಯಯನ ಮಾಡಿದ. 1973ರಲ್ಲಿ ಅವನಿಗೆ ಇಬ್ಬರ ಜೊತೆ ನೊಬೆಲ್ ಬಂತು. ಮರಿ ಚಿಪ್ಪಿನೊಳಗಿಂದಲೇ ಪಿಯ್ಯ್ ಅನ್ನುತ್ತದೆ, ಹೇಂಟೆ ಲೊಕ್ ಲೊಕ್ ಅಂತ ಓಗೊಡುತ್ತದೆ. ಹುಟ್ಟುವ ಮೊದಲೇ ಇಬ್ಬರಿಗೂ ದನಿ ಪರಿಚಯ. ನಮ್ಮ ಪೆಟ್ಟಿಗೆಗೆ ದನಿಯಿಲ್ಲವಲ್ಲ ಅಂತ ಮಗಳು ಮುಚ್ಚಳದ ಹತ್ತಿರ ಬಾಯಿಟ್ಟು ಕನ್ನಡದಲ್ಲಿ ಮಾತಾಡುತ್ತಿದ್ದಳು. ಮನೆಯಲ್ಲಿ ನಾವಾಗಿ ಕೇಳಿದರೂ ತೆಲುಗು, ಇಂಗ್ಲಿಷ್ ಬೆರೆಸುವವಳು ಮೊಟ್ಟೆಗಳಿಗೆ ಮಾತ್ರ ಅಚ್ಚಕನ್ನಡ.

ಏಳನೆಯ ದಿನ ರಾತ್ರಿ ದೀಪ ಆರಿಸಿ ಟಾರ್ಚು ಹಿಡಿದು ನೋಡಿದೆವು. ಎಂಟರಲ್ಲಿ ಜೇಡನ ಕಾಲಿನ ಹಾಗೆ ರಕ್ತನಾಳ ಹರಡಿತ್ತು, ನಡುವೆ ಕಪ್ಪು ಚುಕ್ಕೆ ಅಲುಗಾಡುತ್ತಿತ್ತು. ಮೂರು ಖಾಲಿ. ಒಂದರಲ್ಲಿ ಬರೀ ಕೆಂಪು ಉಂಗುರ. ಶುರುವಾಗಿ ನಿಂತುಹೋದದ್ದು. ಎರಡು ಸಾವಿರ ವರ್ಷಕ್ಕೂ ಹಿಂದೆ ಅರಿಸ್ಟಾಟಲ್ ಮೊಟ್ಟೆಗಳನ್ನು ಒಡೆದು ನೋಡಿ, ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ಹೃದಯ ರಕ್ತದ ಚುಕ್ಕೆಯಂತೆ ಕಾಣಿಸಿ ಮಿಡಿಯುತ್ತದೆ ಅಂತ ಬರೆದಿದ್ದಾನೆ. ಖಾಲಿ ಮೂರನ್ನು ಕಸಕ್ಕೆ ಹಾಕಲು ಯಾರಿಗೂ ಏನೂ ಅನ್ನಿಸಲಿಲ್ಲ. ಉಂಗುರವಿದ್ದ ಒಂದನ್ನು ಮಗಳು ಕರಿಬೇವಿನ ಗಿಡದ ಬುಡದಲ್ಲಿ ಹೂಳಬೇಕು ಅಂದಳು. ಹೊರಗಿನಿಂದ ನಾಲ್ಕೂ ಒಂದೇ ತೂಕ, ಒಂದೇ ಬಣ್ಣ. ಮಿಡಿದು ನಿಂತದ್ದಕ್ಕೆ ಮಣ್ಣು, ಮಿಡಿಯದೇ ಇದ್ದುದಕ್ಕೆ ಕಸದ ಬುಟ್ಟಿ. ನಾನು ವಾದ ಮಾಡಲಿಲ್ಲ. ಅವಳ ಗೆರೆ ನನ್ನ ಗೆರೆಗಿಂತ ಸ್ಪಷ್ಟವಾಗಿತ್ತು.

ಸಂಕ್ರಾಂತಿಗೆ ಯಜಮಾನರೊಬ್ಬರೇ ಊರಿಗೆ ಹೋದರು. ಹದಿನೆಂಟನೆಯ ದಿನದಿಂದ ಹೊರಳಿಸುವುದನ್ನು ನಿಲ್ಲಿಸಿ, ನೀರಿನ ಬಟ್ಟಲು ಹೆಚ್ಚಿಸಿ, ಮುಚ್ಚಳ ತೆರೆಯದೆ ಕೂರಬೇಕು. ಟಾರ್ಚಿನಲ್ಲಿ ಇನ್ನೊಂದು ಅಲುಗಾಡದೆ ನಿಂತದ್ದು ಕಂಡು ತೆಗೆದಿದ್ದೆವು, ಉಳಿದದ್ದು ಏಳು. ಇಪ್ಪತ್ತೊಂದನೆಯ ದಿನ ಬೆಳಗಿನಿಂದ ರಾತ್ರಿಯೊಳಗೆ ಆರು ಹೊರಬಂದವು. ಒದ್ದೆ ಹತ್ತಿಯ ಉಂಡೆಗಳು, ಗಂಟೆಯೊಳಗೆ ಒಣಗಿ ಪುಕ್ಕದ ಚೆಂಡುಗಳು. ಏಳನೆಯದು ಬೆಳಿಗ್ಗೆಯೇ ಸಣ್ಣ ತೂತು ಮಾಡಿ ಅಲ್ಲಿಗೇ ನಿಂತುಬಿಟ್ಟಿತ್ತು. ತೂತಿನಲ್ಲಿ ಕೊಕ್ಕಿನ ತುದಿ ಕಾಣುತ್ತಿತ್ತು, ಕೂಗುತ್ತಿತ್ತು.

ಬಿಡಿಸೋಣ ಅಂತ ಮಗಳು. ‘ಮುಟ್ಬ್ಯಾಡ ಕಣವ್ವ, ಅದ್ರ ಪಾಡ್ಗೆ ಅದು ಬತ್ತದೆ. ಬರಕ್ಕಾಗ್ದೆ ಇದ್ದುದ್ದು ಬಂದ್ರೂ ಉಳಿಯಕಿಲ್ಲ’ ಅಂತ ಫೋನಿನಲ್ಲಿ ಅವ್ವ. ಅವ್ವನ ಮಾತಿನಲ್ಲಿ ತಿಳಿವಳಿಕೆ ಇದೆ. ತೂತು ಮಾಡಿದ ಮೇಲೆ ಮರಿ ಸುಮ್ಮನೆ ಬಿದ್ದಿರುವುದಿಲ್ಲ. ಪೊರೆಯ ನಾಳಗಳಲ್ಲಿರುವ ರಕ್ತವನ್ನೂ ಉಳಿದ ಹಳದಿ ಲೋಳೆಯನ್ನೂ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಆ ಬುತ್ತಿಯ ಮೇಲೆಯೇ ಅದು ಹುಟ್ಟಿದ ಎರಡು ಮೂರು ದಿನ ಮೇವು ನೀರಿಲ್ಲದೆ ಬದುಕಬಲ್ಲದು. ಆತುರಪಟ್ಟು ಚಿಪ್ಪು ಕಿತ್ತರೆ ರಕ್ತ ಸೋರಿ ಸಾಯುತ್ತದೆ. ಹನ್ನೆರಡು ಗಂಟೆ, ಕೆಲವೊಮ್ಮೆ ಇಪ್ಪತ್ತನಾಲ್ಕು ಗಂಟೆ ಕಾಯುವುದೇ ಸರಿ.

ನಾನು ಅವ್ವನಿಂದ ಬೇರೆಯಾಗುವುದು ಮಾತಿನ ಎರಡನೆಯ ಅರ್ಧದಲ್ಲಿ. ಮಂಕರಿಯಲ್ಲಿ ಹುಲ್ಲು ಹಾಸಿ, ಗುಡುಗಿಗೆ ಕೆಡದಿರಲಿ ಅಂತ ಕಬ್ಬಿಣದ ಚೂರಿಟ್ಟು, ಹೇಂಟೆಯನ್ನು ಕೂರಿಸಿದವರು ಪ್ರಕೃತಿ ನೋಡಿಕೊಳ್ಳುತ್ತದೆ ಅನ್ನಬಹುದು. ಅಲ್ಲಿ ತೇವ, ಬಿಸಿ, ಹೊರಳಿಸುವುದು ಎಲ್ಲ ತಾಯಿಯದು. ಥರ್ಮೋಕೋಲ್ ಪೆಟ್ಟಿಗೆ ಮಾಡಿದವರಿಗೆ ಆ ಮಾತು ದಕ್ಕುವುದಿಲ್ಲ. ಒಣಹವೆಯ ಜನವರಿಯಲ್ಲಿ, ಹುಟ್ಟಿದ ಮರಿಗಳನ್ನು ತೆಗೆಯಲು ಮುಚ್ಚಳ ಎತ್ತಿದಾಗೆಲ್ಲ ಹಬೆ ಹೊರಗೆ ಹೋಗುತ್ತದೆ. ಪೊರೆ ಒಣಗಿ ಚರ್ಮದ ಹಾಗೆ ಮರಿಗೆ ಬಿಗಿದುಕೊಳ್ಳುತ್ತದೆ. ಅದು ಮರಿಯ ಬಲಹೀನತೆಯಲ್ಲ, ಪೆಟ್ಟಿಗೆಯ ಗುಣ. ನಾವೇ ಎಲ್ಲವನ್ನೂ ವಹಿಸಿಕೊಂಡು, ಕಷ್ಟದ ಗಳಿಗೆಯಲ್ಲಿ ಮಾತ್ರ ಪ್ರಕೃತಿಯ ಹೆಗಲಿಗೆ ದಾಟಿಸುವುದು ಅನ್ಯಾಯ. ಪೂರ್ತಿ ಒಂದು ದಿನ ಕಾದು, ಮರುದಿನ ಬೆಳಿಗ್ಗೆ ಪೊರೆ ಕಂದುಗಟ್ಟಿದ್ದನ್ನು ನೋಡಿ, ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ನೆನೆಸುತ್ತಾ ಚಿಪ್ಪನ್ನು ಸಾಸಿವೆ ಕಾಳಿನಷ್ಟು ಸಾಸಿವೆ ಕಾಳಿನಷ್ಟು ಬಿಡಿಸಿದೆವು. ಒಂದು ಕಡೆ ಕೆಂಪು ಕಂಡಿತು, ನಿಲ್ಲಿಸಿದೆವು. ಮತ್ತೆ ಎರಡು ಗಂಟೆ ಬಿಟ್ಟು ಮುಂದುವರಿಸಿದೆವು. ಮಧ್ಯಾಹ್ನ ಮೂರಕ್ಕೆ ಕಾಲು ಚಾಚಿ ಹೊರಗೆ ಬಿತ್ತು. ಎಡಗಾಲಿನ ಬೆರಳು ಮಡಚಿಕೊಂಡಿದ್ದವು. ರಟ್ಟಿನ ಚೂರು, ಟೇಪು ಹಾಕಿ ನೇರ ಮಾಡಿದೆವು, ಪೂರ್ತಿ ಆಗಲಿಲ್ಲ. ಕುಂಟುತ್ತಲೇ ಬೆಳೆಯಿತು. ಬರಲಾಗದೆ ಇದ್ದದ್ದು ಬಂದು ಉಳಿಯಿತು ಅಂತ ಅವ್ವನಿಗೆ ಹೇಳಿದೆ. ‘ಉಳೀತಲ್ಲ, ಸರಿ ಬುಡು’ ಅಂದರು.

ಕನ್ನಡದ ‘ಕಾಯು’ ಅನ್ನುವ ಒಂದೇ ಮಾತಿಗೆ ಎಷ್ಟು ಕೆಲಸ! ಒಲೆಯ ಮೇಲೆ ನೀರು ಕಾಯುತ್ತದೆ, ಹುಡುಗ ದನ ಕಾಯುತ್ತಾನೆ, ನಾವು ಬಸ್ಸಿಗೆ ಕಾಯುತ್ತೇವೆ. ಬಿಸಿಯಾಗುವುದು, ಕಾಪಾಡುವುದು, ದಾರಿ ನೋಡುವುದು. ಕೋಳಿ ಮೂರನ್ನೂ ಒಟ್ಟಿಗೆ ಕೂತಲ್ಲೇ ಮಾಡುತ್ತದೆ. ನಮ್ಮಂಥವರು ಮೂರನ್ನೂ ಬೇರೆ ಬೇರೆ ಮಾಡಿಕೊಂಡಿದ್ದೇವೆ. ಬಿಸಿಯನ್ನು ತಂತಿಯಲ್ಲಿ ಕಳಿಸುತ್ತೇವೆ, ಕಾಪಾಡುವುದನ್ನು ಊರಲ್ಲಿರುವವರಿಗೆ ಬಿಟ್ಟಿದ್ದೇವೆ, ದಾರಿ ನೋಡುವುದೊಂದು ಎರಡೂ ಕಡೆ ಉಳಿದಿದೆ.

ಏಳರಲ್ಲಿ ನಾಲ್ಕು ಹುಂಜ, ಮೂರು ಹೇಂಟೆ. ಕುಂಟನೂ ಹುಂಜವೇ. ಮೊದಲು ಕೂಗಲು ಕಲಿತವನೂ ಅವನೇ, ಬೆಳಗಿನ ಜಾವ ನಾಲ್ಕಕ್ಕೆ. ಪುಣ್ಯಂ ಅಂದಿದ್ದ ಮನೆಯೊಡತಿ ಮೂರನೆಯ ದಿನ ಕೆಳಗಿಳಿದು ಬಂದು, ಹುಂಜಗಳು ಇರಬೇಕೋ ನೀವು ಇರಬೇಕೋ ತೀರ್ಮಾನ ಮಾಡಿ ಅಂದರು. ಅವರ ನಿದ್ದೆಯದೂ ಒಂದು ಜೀವ, ನಾನು ಜಗಳವಾಡಲಿಲ್ಲ. ಎದುರಿನ ಕಟ್ಟಡದ ಕಾವಲುಗಾರ ಪಾಲಮೂರಿನ ಕಡೆಯವನು. ಯುಗಾದಿ ಕಳೆದ ಮೇಲೆ ಊರಿಗೆ ಹೊರಟಿದ್ದ. ನಾಲ್ಕನ್ನೂ ಕೊಟ್ಟೆವು. ದುಡ್ಡು ಕೊಡಲು ಬಂದ, ಬೇಡ ಅಂದೆ. ಮಾರಿದ್ದಲ್ಲ ಅಂತ ನನಗೆ ಸಮಾಧಾನ ಬೇಕಿತ್ತೋ ಏನೋ. ಮೂರು ಸಾರಿಗೆ ಹೋದವು ಅಂತ ಅವನೇ ಬಂದು ಹೇಳಿದ. ಕುಂಟನನ್ನು ಅವನ ಹೆಂಡತಿ ಹೇಂಟೆಗಳ ಜೊತೆ ಬಿಟ್ಟುಕೊಂಡಿದ್ದಾಳಂತೆ. ಅದು ನನ್ನ ಮಗಳ ಮುಖ ನೋಡಿ ಹೇಳಿದ ಮಾತೂ ಆಗಿರಬಹುದು. ನಾನು ಕೆದಕಿ ಕೇಳಲಿಲ್ಲ.

ಅಜ್ಜಿ ಆ ವರ್ಷದ ಮಳೆಗಾಲದಲ್ಲಿ ತೀರಿಕೊಂಡರು. ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ.

ಹೇಂಟೆಗಳು ಸಂದಿಯಲ್ಲೇ ಉಳಿದವು, ಈಗಲೂ ಮೊಟ್ಟೆ ಇಡುತ್ತವೆ. ಹುಂಜ ಇಲ್ಲದ ಮೇಲೆ ಮರಿಯಾಗದ ಮೊಟ್ಟೆಗಳು, ನಿಶ್ಚಿಂತೆಯಿಂದ ತಿನ್ನುತ್ತೇವೆ. ಅವುಗಳಲ್ಲಿ ಬೂದು ಬಣ್ಣದ್ದೊಂದು ಮಾತ್ರ ಈಚೆಗೆ ಅಂಥ ಎರಡು ಮೊಟ್ಟೆಗಳ ಮೇಲೆಯೇ ಕಾವಿಗೆ ಕೂತುಬಿಟ್ಟಿದೆ. ಹತ್ತಿರ ಹೋದರೆ ಪುಕ್ಕ ಕೆದರಿ ಕುಟುಕಲು ಬರುತ್ತದೆ. ಯಾವ ಹೇಂಟೆಯೂ ಕಾವು ಕೊಡದೆ ಬಲ್ಬಿನ ಕೆಳಗೆ ಹುಟ್ಟಿದ ಜೀವಕ್ಕೆ ಈ ಬುದ್ಧಿ ಎಲ್ಲಿಂದ ಬಂತೋ. ತಣ್ಣೀರಿನಲ್ಲಿ ಎರಡು ಸಲ ಅದ್ದಿ ಬಿಡು, ಕಾವು ಬಿಡ್ತದೆ ಅಂತ ಅವ್ವ. ಮಗಳು ಶಮ್ಶಾಬಾದಿಗೆ ಹೋಗಿ ಬೀಜದ ಮೊಟ್ಟೆ ತಂದು ಅಡಿಗಿಡೋಣ ಅನ್ನುತ್ತಿದ್ದಾಳೆ. ಈ ಸಲ ಪೆಟ್ಟಿಗೆ ಬೇಡವಲ್ಲ ಅನ್ನುವುದು ಅವಳ ವಾದ. ಹುಂಜಗಳ ಲೆಕ್ಕ ಏನು ಮಾಡ್ತೀಯ ಅಂತ ಕೇಳಿದ್ದೇನೆ. ಅವಳು ಇನ್ನೂ ಉತ್ತರ ಕೊಟ್ಟಿಲ್ಲ.